ಕೋಡಿ ಏರಿಸಿದ ವರ್ಷ

ನನ್ನ ತವರು ಸಿಂಧನೂರಿನ ಹತ್ತಿರ, ಗೊರೇಬಾಳದ ಆಚೆ. ಅಲ್ಲಿ ನಾವು ಆಕಾಶ ನೋಡಿ ಬೇಸಾಯ ಮಾಡಿದವರಲ್ಲ. ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ, ಅಷ್ಟೇ ನಮ್ಮ ಚಿಂತೆ. ಬಿಟ್ಟರೆ ಭತ್ತ, ಬಿಡದಿದ್ದರೆ ಜಗಳ. ಗದ್ದೆ ತುಂಬಿದ ನೀರು ರಸ್ತೆಯ ಮೇಲೆ ಹರಿದು, ಬೈಕಿನವರು ಕಾಲು ಎತ್ತಿಕೊಂಡು ದಾಟುವುದನ್ನು ನೋಡುತ್ತ ಬೆಳೆದವಳು ನಾನು. ಹರಿದು ಹೋಗುವ ನೀರನ್ನು ನಿಂತು ನೋಡುವವರು ನಮ್ಮ ಕಡೆ ಯಾರೂ ಇರಲಿಲ್ಲ. ಅಷ್ಟು ಪುರುಸೊತ್ತು ಯಾರಿಗಿತ್ತು?

ಮದುವೆಯಾಗಿ ಬಂದದ್ದು ಮಸ್ಕಿ ತಾಲ್ಲೂಕಿನ ಖುಷ್ಕಿ ಭೂಮಿಗೆ, ಪಾಮನಕಲ್ಲೂರಿನಿಂದಲೂ ಒಳಗೆ. ಕಾಲುವೆ ಬರದ ಊರು. ಬಂದ ವರ್ಷವೇ ಒಂದು ಮಧ್ಯಾಹ್ನ ಜೋರು ಮಳೆ ಹೊಡೆಯಿತು. ಮಳೆ ನಿಂತಿತೋ ಇಲ್ಲವೋ, ಅತ್ತೆ ಸೆರಗು ತಲೆಗೆ ಹಾಕಿಕೊಂಡು ನನ್ನ ರಟ್ಟೆ ಹಿಡಿದು ಎಳೆದಳು.

"ಬಾ ಬೇ, ಹಳ್ಳ ಬಂದೈತಿ!"

ಹೋಗಿ ನೋಡಿದರೆ ಊರಿಗೆ ಊರೇ ದಂಡೆಯ ಮೇಲಿದೆ. ಮುದುಕರು, ಬಾಣಂತಿಯರು, ಅಂಗಡಿ ಬಾಗಿಲು ಹಾಕಿ ಬಂದ ಶೆಟ್ಟರು. ಹಳ್ಳದಲ್ಲಿ ನೀರು ಕಪ್ಪಗೆ, ಮಣ್ಣು ಹೊತ್ತುಕೊಂಡು, ಓಡಿ ಹೋಗುತ್ತಿತ್ತು. ಅತ್ತೆ ಬಸ್ಸು ಹತ್ತಿದ ಮಗಳನ್ನು ನೋಡುವಂತೆ ಅದನ್ನೇ ನೋಡುತ್ತಿದ್ದಳು.

"ಹೋತು ನೋಡು. ಹೋತು. ಎಲ್ಲಾ ಹೋತು."

ನನಗೆ ನಗು ತಡೆಯಲಿಲ್ಲ. ನೀರು ಹೋಗದೆ ಇನ್ನೇನು ಮಾಡುತ್ತದೆ? ಅತ್ತೆ ತಿರುಗಿ ನೋಡಿದ ನೋಟ ಇವತ್ತಿಗೂ ನೆನಪಿದೆ. "ನಗ್ತೀಯೇನ್ ಬೇ? ಕಾಲುವಿ ಕಡೆಯಾಕಿ ನೀ. ನಿನಗೇನ್ ಗೊತ್ತೈತಿ ನೀರಿನ ಕಿಮ್ಮತ್ತು?" ಎಂದಳು. ಎರಡು ದಿನ ನನ್ನ ಕೂಡ ಮಾತಿಲ್ಲ. ಅವತ್ತಿನಿಂದ ಊರಲ್ಲಿ ನನ್ನ ಹೆಸರು 'ಕಾಲುವಿ ಕಡೆಯಾಕಿ' ಎಂದೇ ಆಯಿತು. ಮರುದಿನ ಹಳ್ಳಕ್ಕೆ ಬಟ್ಟೆ ಒಗೆಯಲು ಹೋದರೆ ಬರೀ ಮರಳು, ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ಮೊಣಕಾಲೂ ಮುಳುಗದಷ್ಟು ರಾಡಿ. ಆಗ ಸ್ವಲ್ಪ ಅರ್ಥವಾಯಿತು. ಪೂರ್ತಿ ಆಗಿರಲಿಲ್ಲ.

ನಾನು ಬಾಯಿ ಜೋರಿನವಳು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಪಿಯುಸಿವರೆಗೆ ಓದಿದ್ದೆ, ಅಕ್ಷರ ಚೆನ್ನಾಗಿದ್ದವು, ಊರ ಸಭೆಯಲ್ಲಿ ಗಂಡಸರ ಮಾತಿಗೆ ಅಡ್ಡ ಮಾತಾಡುತ್ತಿದ್ದೆ. ಹಾಗಾಗಿ ಜಲಾನಯನ ಯೋಜನೆ ನಮ್ಮೂರಿಗೆ ಬಂದು ಊರವರದೇ ಒಂದು ಸಮಿತಿ ಆಗಬೇಕು ಎಂದಾಗ, "ಈಕಿನ್ನ ಕಾರ್ಯದರ್ಶಿ ಮಾಡ್ರಿ, ಇಲ್ಲಂದ್ರ ಹೊರಗ ನಿಂತು ಬೈತಾಳ, ಒಳಗ ಕುಂತು ಬೈಲಿ" ಎಂದು ಸಮಿತಿಗೆ ಅಧ್ಯಕ್ಷರಾದವರೇ ಹೇಳಿ ನನ್ನನ್ನು ಕೂರಿಸಿದರು. ಮಗಳು ಹೈಸ್ಕೂಲು ಸೇರಿದ ವರ್ಷ ಅದು.

ಕೆಲಸ ಶುರುವಾದದ್ದು ಗುಡ್ಡದ ನೆತ್ತಿಯಿಂದ. ಬಂದಿದ್ದ ಎಂಜಿನಿಯರ್ ತಲೆ ನರೆತ, ಮಾತು ಕಡಿಮೆಯ ಮನುಷ್ಯ. ಸದಾ ಬಟ್ಟೆಯ ಟೋಪಿ. ಮೊದಲು ಗುಡ್ಡದ ಇಳಿಜಾರಿಗೆ ಅಡ್ಡ ಅಗಳು ತೋಡುವುದು, ಆಮೇಲೆ ಅದರ ಕೆಳಗಿನ ಹೊಲಗಳಿಗೆ ಬದು ಹಾಕುವುದು, ಎಲ್ಲಕ್ಕೂ ಕೊನೆಗೆ ಹಳ್ಳಕ್ಕೆ ಒಡ್ಡು ಕಟ್ಟುವುದು. ಊರವರಿಗೆ ಗುಡ್ಡವೂ ಬೇಡ, ಬದುವೂ ಬೇಡ. ಸಭೆ ಸೇರಿದಾಗೆಲ್ಲ ಒಂದೇ ಪ್ರಶ್ನೆ: "ಹಳ್ಳಕ್ಕ ಒಡ್ಡು ಯಾವಾಗ್ರೀ?" ನಾನು ಮನೆಮನೆಗೆ ಹೋಗಿ ಬೈದು, ಬೇಡಿಕೊಂಡು ಅಗಳು ತೋಡಿಸಿದೆ. ಗುಡ್ಡಕ್ಕೆ ಹಚ್ಚಿದ ಹೊಂಗೆ ಸಸಿಗಳನ್ನು ಅಧ್ಯಕ್ಷರ ಆಡುಗಳೇ ಮೇಯ್ದವು. ಅದನ್ನು ನಡಾವಳಿಯಲ್ಲಿ ಬರೆಯುತ್ತೇನೆ ಎಂದು ಕೂತಾಗ ಅವರು ಕೈಮುಗಿದು, "ಬ್ಯಾಡವಾ ತಾಯಿ, ಆಡಿಗೂ ಒಂದು ಮಾನ ಐತಿ" ಎಂದರು. ಸಭೆಗೆ ಸಭೆಯೇ ನಕ್ಕಿತು. ಆ ವರ್ಷಗಳು ಚೆನ್ನಾಗಿದ್ದವು. ನಾನೇನೋ ಮಾಡುತ್ತಿದ್ದೇನೆ ಎನ್ನಿಸುತ್ತಿತ್ತು.

ಕೊನೆಗೆ ಹಳ್ಳದ ಸರದಿ ಬಂತು. ಒಡ್ಡಿಗೆ ಒಳ್ಳೆಯ ಜಾಗ ಎಂದು ಎಂಜಿನಿಯರ್ ತೋರಿಸಿದ್ದು ಎರಡೂ ದಂಡೆ ಹತ್ತಿರ ಬರುವ ಕಡೆ. ಅದರ ಮೇಲೆ, ನೀರು ನಿಲ್ಲುವ ಕಡೆ, ನಮ್ಮ ಹೊಲ, ನಮ್ಮ ಬಾವಿ. ಅದರ ಕೆಳಗೆ ಹಳ್ಳ ಎಡಕ್ಕೆ ಹೊರಳುತ್ತದೆ. ಹೊರಳುವ ಜಾಗದಲ್ಲಿ, ಒಡ್ಡಿಗೆ ನೇರ ಎದುರಾಗಿ, ಒಬ್ಬ ಹೆಂಗಸಿನ ಹೊಲವಿತ್ತು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಊರೆಲ್ಲ ಕೆಳಹೊಲದಾಕಿ ಎನ್ನುತ್ತಿತ್ತು.

ಆ ಹೊಲದ ಬಗ್ಗೆ ಹೇಳಲೇಬೇಕು. ಅದು ಹೊಲವೇ ಆಗಿರಲಿಲ್ಲವಂತೆ. ಹಳ್ಳ ಕೊರೆದು ಬಿಟ್ಟ ಕೊರಕಲು, ಕಲ್ಲು, ಜಾಲಿ. ಅಕ್ಕನ ಮಾವ ನಮ್ಮ ಮಾವನ ಮನೆಯಲ್ಲಿ ಜೀತ ಇದ್ದವನು. ಯಾರಿಗೂ ಬೇಡವಾದ ಆ ಕೊರಕಲು ಅವರ ಪಾಲಿಗೆ ಬಂತು. ಆತ, ಆತನ ಹೆಂಡತಿ, ಆಮೇಲೆ ಸೊಸೆಯಾಗಿ ಬಂದ ಅಕ್ಕ, ಮೂವರೂ ಸೇರಿ ಕೊರಕಲಿಗೆ ಅಡ್ಡ ಕಲ್ಲು ಪೇರಿಸಿ, ಕಲ್ಲಿನ ಸಂದಿಗೆ ಜಾಲಿ ಮುಳ್ಳು ತುರುಕಿದರು. ಪ್ರತಿ ಮಳೆಗೆ ನೀರು ಮುಳ್ಳಿನ ಸಂದಿಯಿಂದ ಸೋಸಿ ಹೋಗುತ್ತಿತ್ತು, ಹೊತ್ತು ತಂದ ಎರೆಮಣ್ಣು ಕಲ್ಲಿನ ಹಿಂದೆ ಕೂತುಕೊಳ್ಳುತ್ತಿತ್ತು. ಮುಂದಿನ ವರ್ಷ ಕಲ್ಲು ಇನ್ನೊಂದು ಗೇಣು ಮೇಲೆ. ಹೀಗೆ ಅಕ್ಕನ ಮಾವ ಸತ್ತ, ಆಕೆಯ ಅತ್ತೆ ಸತ್ತಳು, ಅಕ್ಕನ ತಲೆ ಬೆಳ್ಳಗಾಗಲು ಶುರುವಾಯಿತು. ಆ ಹೊತ್ತಿಗೆ ಅಲ್ಲಿ ಎದೆಯುದ್ದ ಮಣ್ಣಿತ್ತು. ಊರಿನ ಯಾವ ಗೌಡನ ಹೊಲದಲ್ಲೂ ಅಷ್ಟು ಆಳದ ಮಣ್ಣಿರಲಿಲ್ಲ. ಹಿಂಗಾರಿ ಬಿಳಿಜೋಳ ಅಲ್ಲಿ ಆಳೆತ್ತರ ಬರುತ್ತಿತ್ತು. ಲಿಂಗಸುಗೂರಿನ ಕಚೇರಿಯೊಂದರಲ್ಲಿ ಜವಾನನಾಗಿದ್ದ ಆಕೆಯ ಗಂಡ, ಸಿಂಧನೂರಿನಲ್ಲಿ ನರ್ಸ್ ಆಗಿದ್ದ ಮಗಳು, ಇಬ್ಬರೂ ಪಗಾರದವರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಹೊರಗೆ ಹೊಸ ಬೈಕು. ಹೊಲ ಮಾಡದಿದ್ದರೂ ಆಕೆಗೆ ನಡೆಯುತ್ತಿತ್ತು. ಆದರೆ ಆಕೆಗೆ ಆ ಹೊಲವೇ ಎಲ್ಲ. "ಇದು ಕೊಂಡ ಭೂಮಿ ಅಲ್ಲವಾ, ನಾವು ಹಡದ ಭೂಮಿ" ಎನ್ನುತ್ತಿದ್ದಳು.

ಒಡ್ಡಿಗೆ ಆಕೆಯ ಒಪ್ಪಿಗೆ ಬೇಕಿತ್ತು. ಹೆಚ್ಚಾದ ನೀರು ಹೊರಗೆ ಹೋಗಲು ಒಡ್ಡಿನ ಪಕ್ಕದಲ್ಲಿ ಬಿಡುವ ದಾರಿಗೆ ಕೋಡಿ ಎನ್ನುತ್ತಾರೆ. ಕೋಡಿ ಒಡ್ಡಿನ ನೆತ್ತಿಗಿಂತ ಕೆಳಗಿರಬೇಕು. ತುಂಬಿದ ನೀರು ಮಣ್ಣಿನ ಒಡ್ಡನ್ನು ಮುಟ್ಟದೆ ಕೋಡಿಯ ಕಲ್ಲುಹಾಸಿನ ಮೇಲೆ ಇಳಿದು ಹೋಗಬೇಕು. ಆ ದಾರಿ ಅಕ್ಕನ ಹೊಲದ ಅಂಚಿನಲ್ಲಿ ಹಾಯ್ದು ಮತ್ತೆ ಹಳ್ಳ ಸೇರುತ್ತಿತ್ತು. ರುಜು ಮಾಡಿಸಿಕೊಂಡು ಬರಲು ಸಮಿತಿಯವರು ನನ್ನನ್ನೇ ಕಳಿಸಿದರು. ಅವರ ಓಣಿಗೆ ಹೋಗಿ ಕೂತು ಮಾತಾಡುವವರು ನಮ್ಮ ಪೈಕಿ ನಾನೊಬ್ಬಳೇ. ಹೋದೆ, ಕೂತೆ, ಚಹಾ ಕುಡಿದೆ. ಚಹಾ ಕುಡಿದದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಪಟ್ಟೆ, ಥೂ ನನ್ನ ಬುದ್ಧಿಗಿಷ್ಟು.

ಅಕ್ಕ ಕಾಗದ ಓದಿದಳು. ಎಲ್ಲ ಓದಿ ಒಂದೇ ಪ್ರಶ್ನೆ ಕೇಳಿದಳು.

"ಕೋಡಿ ಎಷ್ಟು ಎತ್ತರ ಇರ್ತೈತಿ?"

"ಎಂಜಿನಿಯರ್ ಸಾಹೇಬ್ರು ಕಲ್ಲಿಗೆ ಕೆಂಪು ಬಣ್ಣ ಹಚ್ಚಿ ಗುರುತು ಹಾಕ್ಯಾರ ಅಕ್ಕಾ."

"ಹಾಕ್ಯಾರ, ಖರೆ. ಅವರು ನಾಳಿ ವರ್ಗ ಆಗಿ ಹೋಗ್ತಾರ. ಊರವರು ಇಲ್ಲೇ ಇರ್ತಾರಲ್ಲ. ನೀರು ಹೊಂಟಿದ್ದು ಕಂಡ್ರ ಇವರಿಗೆ ಜೀವ ತಡಿಯಂಗಿಲ್ಲ. ಯಾರರ ಕೋಡಿ ಮ್ಯಾಲ ಎರಡು ಕಲ್ಲು ಇಟ್ರ? ಒಡ್ಡು ಒಡದ್ರ ನೀರು ಹೊಳ್ಳಂಗಿಲ್ಲ, ನೆಟ್ಟಗ ನನ್ನ ಹೊಲಕ್ಕ ಬರ್ತೈತಿ."

"ಯಾರ್ ಇಡ್ತಾರ? ಇಟ್ಟವರ ಕೈ ಕಡದು ಹಾಕ್ತೀನಿ ನಾ!"

ಅಕ್ಕ ನಕ್ಕಳು. "ಕೈ ಬ್ಯಾಡ. ಕಲ್ಲು ತೆಗಿಸು, ಸಾಕು."

ತೆಗೆಸುತ್ತೇನೆ ಎಂದು ಮಾತು ಕೊಟ್ಟೆ. ಆಕೆ ರುಜು ಹಾಕಿದಳು.

ಒಡ್ಡು ಮುಗಿದ ಮೊದಲ ವರ್ಷ ಹಳ್ಳ ಸರಿಯಾಗಿ ಬರಲೇ ಇಲ್ಲ. ಒಡ್ಡಿನ ಹಿಂದೆ ಒಂದು ಮೊಳ ನೀರು ನಿಂತು ಇಂಗಿ ಹೋಯಿತು. ಎಂಜಿನಿಯರ್‌ಗೆ ವರ್ಗವಾಯಿತು, ಯೋಜನೆ ಮುಗಿಯಿತು, ಬೋರ್ಡು ಮಾತ್ರ ಉಳಿಯಿತು. ಎರಡನೆಯ ವರ್ಷ ಹುಬ್ಬಿ ನಕ್ಷತ್ರದ ಮಳೆ ಮೂರು ದಿನ ಬಿಟ್ಟು ಬಿಟ್ಟು ಸುರಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ, ಶಿವನೇ, ದಂಡೆಯಿಂದ ದಂಡೆಗೆ ನೀರು. ಹಳ್ಳದಲ್ಲಿ ನೀರು ನಿಂತಿದೆ! ಓಡುತ್ತಿಲ್ಲ, ನಿಂತಿದೆ!

ಆ ದಿನಗಳ ಖುಷಿ ಹೇಗೆ ಹೇಳಲಿ. ಗಂಡಸರು ಎಮ್ಮೆಗಳ ಜೊತೆ ತಾವೂ ಇಳಿದು ಈಜಿದರು. ಹೆಂಗಸರು ಒಗೆದ ಬಟ್ಟೆಯನ್ನೇ ಮತ್ತೆ ತಂದು ಒಗೆದರು. ನಮ್ಮ ಬಾವಿಯಲ್ಲಿ ನೀರು ಎಷ್ಟು ಮೇಲೆ ಬಂತೆಂದರೆ ನಮ್ಮ ಮನೆಯವರು ಬಾಗಿ ಕೈ ಅದ್ದಿ ನೋಡಿ, ಸಣ್ಣ ಮಗುವಿನ ಹಾಗೆ ನನ್ನ ಮುಖಕ್ಕೆ ಸಿಡಿಸಿದರು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರು ಹಾಗೆ ಮಾಡಿದ್ದು ಅದೇ ಮೊದಲು. ಅತ್ತೆ ದಂಡೆಯ ಮೇಲೆ ಕೂತು ನಿಂತ ನೀರನ್ನೇ ನೋಡುತ್ತಿದ್ದಳು.

ಆದರೆ ನೀರು ತುಂಬಿತ್ತಲ್ಲ, ಕೋಡಿ ಬಿದ್ದಿತು. ಕಲ್ಲುಹಾಸಿನ ಮೇಲೆ ತೆಳ್ಳಗೆ, ಬೆಳ್ಳಗೆ, ಹಗಲೂ ರಾತ್ರಿ ನೀರು ಇಳಿದು ಹೋಗತೊಡಗಿತು. ಅದು ಹಾಗೆಯೇ ಹೋಗಬೇಕು, ಅದಕ್ಕೇ ಕಟ್ಟಿದ್ದು. ಊರವರ ಕಣ್ಣೆಲ್ಲ ಆ ಕಡೆ ತಿರುಗಿತು. ಒಡ್ಡಿನ ಹಿಂದೆ ನಿಂತ ನೀರು ನೋಡುವುದನ್ನು ಬಿಟ್ಟು ಕೋಡಿಯ ಹತ್ತಿರ ಬಂದು ಕೂರತೊಡಗಿದರು. ಬೀಡಿ ಸೇದುತ್ತ, ಹೋಗುವ ನೀರು ನೋಡುತ್ತ, ಲೊಚಗುಡುತ್ತ. ಮೊದಲು ಅಂದದ್ದು ಯಾರೋ ಗೊತ್ತಿಲ್ಲ. "ಒಂದು ಮೊಳ ಏರಿಸಿದ್ರ ಎಷ್ಟು ನೀರು ನಿಂದರ್ತೈತ್ರಿ." ಮರುದಿನ ಅದನ್ನೇ ಹತ್ತು ಜನ ಅಂದರು.

ಸೋಮವಾರ ಬೆಳಿಗ್ಗೆ ನಾನು ರೊಟ್ಟಿ ಬಡಿದು ಹೊಲಕ್ಕೆ ಹೊರಟೆ. ದೂರದಿಂದಲೇ ಗದ್ದಲ ಕೇಳಿಸಿತು. ಕೋಡಿಯ ಮೇಲೆ ಇಪ್ಪತ್ತು ಮೂವತ್ತು ಜನ. ಸಿಮೆಂಟಿನ ಖಾಲಿ ಚೀಲಗಳಿಗೆ ಮರಳು ತುಂಬುತ್ತಿದ್ದಾರೆ, ಕಲ್ಲು ಪೇರಿಸುತ್ತಿದ್ದಾರೆ, ಸಂದಿಗೆ ಎರೆಮಣ್ಣು ಮೆತ್ತುತ್ತಿದ್ದಾರೆ. ಯಾರೂ ಕರೆದಿಲ್ಲ, ಯಾರಿಗೂ ಕೂಲಿಯಿಲ್ಲ. ಸಮಿತಿಯ ಕೆಲಸಕ್ಕೆ ಮನೆಮನೆಗೆ ಹೋಗಿ ಕಾಲು ಹಿಡಿದರೂ ಬರದ ಜನ ಅವತ್ತು ಹಬ್ಬಕ್ಕೆ ಬಂದಂತೆ ಬಂದಿದ್ದರು. ಎಲ್ಲರಿಗಿಂತ ಮುಂದೆ ನಮ್ಮ ಮನೆಯವರು, ತೊಡೆಮಟ್ಟ ನೀರಿನಲ್ಲಿ.

"ಏ! ಏನ್ ಮಾಡಾಕತ್ತೀರಿ? ಇಳಸ್ರಿ ಅವನ್ನ! ಒಡ್ಡು ತಡಿಯಂಗಿಲ್ಲ!" ಎಂದು ನಾನು ಅರಚಿದೆ.

"ಬಂದಾಳ ನೋಡ್ರೆಪಾ ಕಾಲುವಿ ಕಡೆಯಾಕಿ" ಎಂದ ಒಬ್ಬ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಖುಷಿಯ ನಗು. ಅಧ್ಯಕ್ಷರು ಮೀಸೆ ಒರೆಸಿಕೊಳ್ಳುತ್ತ, "ಯವ್ವಾ, ನಿಮ್ಮೂರಾಗ ನೀರು ರಸ್ತೆ ಮ್ಯಾಲ ಹರೀತೈತಿ. ನಮಗ ಇಷ್ಟರ ಇರ್ಲಿ ಬಿಡವಾ" ಎಂದರು.

ನಾನು ಬಾಯಿ ತೆಗೆದೆ. ಅಷ್ಟರಲ್ಲಿ ದಂಡೆಯ ಕಡೆಯಿಂದ ಅತ್ತೆ ಬಂದಳು. ಎಪ್ಪತ್ತು ದಾಟಿದ ಹೆಂಗಸು, ನಡು ಬಾಗಿದೆ. ಸೆರಗಿನ ಸಿಂಬೆ ಮಾಡಿ ತಲೆಯ ಮೇಲೆ ಒಂದು ಕಲ್ಲು ಹೊತ್ತು ತರುತ್ತಿದ್ದಾಳೆ. ಯಾರೋ ಇಳಿಸಿಕೊಳ್ಳಲು ಹೋದರೆ ಬಿಡಲಿಲ್ಲ. ತಾನೇ ತಂದು, ತಾನೇ ಕೋಡಿಯ ಮೇಲಿಟ್ಟು, ಕೈಯಿಂದ ಒಮ್ಮೆ ಒತ್ತಿ ನೋಡಿದಳು. ಕಣ್ಣಲ್ಲಿ ನೀರು. ಇಡೀ ಜನ್ಮ ಹೋಗುವ ನೀರು ನೋಡಿದವಳಿಗೆ, ಹೋಗಲಿ ಬಿಡು ಎಂದು ನಾನು ಯಾವ ಬಾಯಿಂದ ಹೇಳಲಿ? ರೊಟ್ಟಿ ಬುತ್ತಿ ಅಲ್ಲೇ ಕಲ್ಲಿನ ಮೇಲಿಟ್ಟು ವಾಪಸು ಬಂದೆ.

ಮಧ್ಯಾಹ್ನ ಅಕ್ಕ ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಬೇವಿನ ಮರದ ಕೆಳಗೇ ನಿಂತಳು.

"ನೋಡಿ ಬಂದೀನಿ" ಎಂದಳು. "ಒಂದೂವರಿ ಮೊಳ ಏರಿಸ್ಯಾರ."

"ತೆಗಿಸ್ತೀನಕ್ಕಾ. ಶುಕ್ರವಾರ ಸಭಿ ಕರೀತೀನಿ."

"ಶುಕ್ರವಾರದತನಕ ಮಳಿಗೆ ಹೇಳಿ ಇಟ್ಟೀಯೇನು?" ದನಿ ಏರಿಸಲಿಲ್ಲ. "ಇವತ್ತ ಹೋಗಿ ತೆಗಿ. ನಾ ಮುಟ್ಟಾಕ ಬರಂಗಿಲ್ಲ. ನಾ ಒಂದು ಕಲ್ಲು ಮುಟ್ಟಿದ್ರ ಊರೇ ನಮ್ಮ ಓಣಿ ಮ್ಯಾಲ ಬರ್ತೈತಿ. ನೀ ಮುಟ್ಟಿದ್ರ ಬೈತಾರ, ಅಷ್ಟ."

ಅಷ್ಟೇ, ಬೈಯುತ್ತಾರೆ. ಅದಕ್ಕಿಂತ ಹೆಚ್ಚಿಗೆ ನನಗೇನೂ ಆಗುತ್ತಿರಲಿಲ್ಲ. ನಾನೇ ಬೈಗುಳದಲ್ಲಿ ಹುಟ್ಟಿ ಬೆಳೆದವಳು, ಬೈಸಿಕೊಳ್ಳುವುದಕ್ಕೇನು? ಸಂಜೆ ಹಾರೆ ಹಿಡಿದುಕೊಂಡು ಹೋದೆ. ಮರಳಿನ ಚೀಲ ಎಷ್ಟು ಭಾರ ಎಂದು ಆಗಲೇ ಗೊತ್ತಾದದ್ದು. ಬೆವರಿಳಿಸಿ ಎರಡು ಚೀಲ ಉರುಳಿಸಿದೆ. ಮೂರನೆಯದಕ್ಕೆ ಹಾರೆ ಹಾಕುವಾಗ ನಮ್ಮ ಮನೆಯವರು ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನಾನು ಉರುಳಿಸಿದ ಎರಡೂ ಚೀಲ ಎತ್ತಿ ತಂದು ಅದೇ ಜಾಗದಲ್ಲಿಟ್ಟರು. ಆಮೇಲೆ ನನ್ನ ಕೈಯಿಂದ ಹಾರೆ ತೆಗೆದುಕೊಂಡು ಹೆಗಲ ಮೇಲೆ ಹಾಕಿಕೊಂಡು, "ನಡಿ ಮನಿಗೆ. ನಮ್ಮ ಬಾವಿ ನೀರೂ ಇದರಾಗ ಐತಿ, ಮರ್ತೀಯೇನು?" ಎಂದರು. ನಾನು ಹಿಂದೆ ಹಿಂದೆ ನಡೆದು ಬಂದೆ. ಜಗಳವನ್ನೂ ಮಾಡಲಿಲ್ಲ. ಬಾವಿಯ ನೀರು ನನಗೂ ಬೇಕಾಗಿತ್ತು. ಬರೆಯುವಾಗ ಇದನ್ನು ಬಿಟ್ಟುಬಿಡೋಣ ಎನ್ನಿಸಿತು, ಆದರೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಎಂಜಿನಿಯರ್‌ಗೆ ಫೋನ್ ಮಾಡಿದೆ. ಪಾಪ, ಬೇರೆ ಜಿಲ್ಲೆಯಲ್ಲಿದ್ದರು. "ಮೊದ್ಲು ಅದನ್ನ ತೆಗೆಸಿ ತಾಯಿ, ದೊಡ್ಡ ಮಳೆ ಬಂದರೆ ನೀರು ಒಡ್ಡಿನ ನೆತ್ತಿ ಹತ್ತತ್ತೆ, ಮಣ್ಣಿನ ಒಡ್ಡು ನಿಲ್ಲಲ್ಲ" ಎಂದರು. ಅವರ ಜಾಗಕ್ಕೆ ಬಂದವರು ಅರ್ಜಿ ಕೊಡಿ, ಬಂದು ನೋಡುತ್ತೇವೆ ಎಂದರು. ಅರ್ಜಿ ಕೊಟ್ಟೆ. ಶುಕ್ರವಾರದ ಸಭೆಗೆ ನಾಲ್ಕು ಜನ ಬಂದರು. ಉಳಿದವರೆಲ್ಲ ಅಧ್ಯಕ್ಷರ ಬೀಗರ ಮನೆಯ ಮದುವೆಗೆ ಹೋಗಿದ್ದರು. ಮುಂದಿನ ಶುಕ್ರವಾರ ಎಂದು ಬರೆದು ಪುಸ್ತಕ ಮುಚ್ಚಿದೆ.

ಅಕ್ಕ ಅಷ್ಟರಲ್ಲಿ ಹೊಲಕ್ಕೆ ಮೂರು ಸಲ ಕುಂಟೆ ಹೊಡೆಸಿದ್ದಳು. ಬಿತ್ತನೆಗೆ ಹದ ನೋಡುತ್ತಿದ್ದಳು. ಕಪ್ಪು ಮಣ್ಣು ಹಿಟ್ಟಿನಂತೆ ಮೆತ್ತಗಾಗಿತ್ತು. ದಾರಿಯಲ್ಲಿ ಸಿಕ್ಕರೂ ಆಕೆ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಉತ್ತರಿ ಮಳೆ ಗುರುವಾರ ಮಧ್ಯಾಹ್ನ ಬಂತು, ಆ ಸಭೆಗೆ ಇನ್ನೊಂದು ದಿನ ಬಾಕಿ ಇರುವಾಗ. ಮೊದಲು ಗುಡ್ಡ ಕಾಣದಾಯಿತು, ಆಮೇಲೆ ಎದುರು ಮನೆ ಕಾಣದಾಯಿತು. ಮಳೆ ಕಡಿಮೆಯಾಗುವ ಮೊದಲೇ "ಹಳ್ಳ ಬಂತು, ಹಳ್ಳ ಬಂತು" ಎಂಬ ಕೂಗು ಕೇಳಿ ಊರೆಲ್ಲ ದಂಡೆಗೆ ಓಡಿತು. ನಾನೂ ಓಡಿದೆ, ಚಪ್ಪಲಿ ರಾಡಿಯಲ್ಲಿ ಹೂತು ಅಲ್ಲೇ ಉಳಿದವು.

ನೀರು ಒಡ್ಡಿನ ನೆತ್ತಿ ಮುಟ್ಟಲು ಮೂರೇ ಬೆರಳು ಬಾಕಿ ಇತ್ತು. ಕೋಡಿಯ ಮೇಲಿನ ಚೀಲಗಳು ಮಿಸುಕಲಿಲ್ಲ, ಅಷ್ಟು ಚೆನ್ನಾಗಿ ಕಟ್ಟಿದ್ದರು. "ಚೀಲ ಕಿತ್ತು ಹಾಕ್ರೋ! ಯಾರರ ಹೋಗ್ರೋ!" ಎಂದು ನಾನು ಬಡಕೊಂಡೆ. ನಮ್ಮ ಮನೆಯವರು, ಇನ್ನಿಬ್ಬರು ಹಗ್ಗ ಕಟ್ಟಿಕೊಂಡು ಇಳಿದರು ಕೂಡ. ನೀರು ಎದೆಗೆ ಬಂತು, ಹಿಂದಕ್ಕೆ ಎಳೆದುಕೊಂಡೆವು. ಆಮೇಲೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಇಷ್ಟು ಜನ, ಇಷ್ಟು ಕೈ, ಏನೂ ಉಳಿದಿರಲಿಲ್ಲ.

ಒಡ್ಡಿನ ನಡುವೆ, ಬೆರಳಿನಷ್ಟು ಅಗಲ, ನೀರು ಆ ಕಡೆ ಇಳಿಯಿತು. ಚಹಾದ ಲೋಟದಿಂದ ಚೆಲ್ಲಿದಷ್ಟು. ನೋಡುತ್ತಿದ್ದಂತೆ ಮೊಳವಾಯಿತು, ಮಾರಾಯಿತು. ಆಮೇಲೆ ನಡುಭಾಗ ಒಮ್ಮೆಲೇ ಕುಸಿಯಿತು. ನೀರು ಹಳ್ಳದ ಹೊರಳಿಗೆ ಹೊರಳಲಿಲ್ಲ. ನೇರ ಹೋಯಿತು.

ಅಕ್ಕ ಆ ಕಡೆಯ ದಂಡೆಯ ಮೇಲೆ ನಿಂತಿದ್ದಳು, ತಲೆಗೆ ಗೊಬ್ಬರದ ಚೀಲದ ಕೊಪ್ಪೆ. ನೀರಿಗೆ ಹಾಕಿದ ಬೆಲ್ಲದ ಅಚ್ಚಿನ ಹಾಗೆ ಆಕೆಯ ಹೊಲ ಅಂಚಿನಿಂದ ಕರಗುತ್ತ, ಕರಗುತ್ತ, ದೊಡ್ಡ ದೊಡ್ಡ ಹೆಂಟೆಯಾಗಿ ಬೀಳುತ್ತ ಹೋಯಿತು. ಆ ಹೆಂಟೆ ಬೀಳುವ ಸದ್ದು ಈ ದಂಡೆಗೂ ಕೇಳುತ್ತಿತ್ತು. ಅರ್ಧ ತಾಸು ಹಿಡಿದಿರಬಹುದು, ಅಷ್ಟೂ ಹೊತ್ತು ಊರು ನಿಂತು ನೋಡಿತು. ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದಳು, ನನ್ನ ಕೈ ಹಿಡಿದುಕೊಂಡಿದ್ದಳು.

ಮರುದಿನ ಸಭೆ ತುಂಬಿತು. ಎಲ್ಲರೂ ಪಾಪ ಪಾಪ ಎಂದರು, ಮನಸ್ಸಿನಿಂದಲೇ ಅಂದರು, ಸುಳ್ಳಲ್ಲ. ಆದರೆ ನಾವು ಮಾಡಿದೆವು ಎಂದು ಒಬ್ಬರೂ ಅನ್ನಲಿಲ್ಲ. "ಮಳಿ ಭಾಳ ಜೋರಾತು" ಎಂದರು ಅಧ್ಯಕ್ಷರು. "ಹಂಗ ಬರಿಯವಾ. ಇಲ್ಲಂದ್ರ ಸರ್ಕಾರದವರು ಮತ್ತ ಒಡ್ಡು ಕಟ್ಟಿ ಕೊಡಂಗಿಲ್ಲ. ಆಕಿಗೂ ಪರಿಹಾರ ಬರಂಗಿಲ್ಲ." ಅದೂ ನಿಜವೇ. ಅತಿಯಾದ ಮಳೆಯಿಂದ ಒಡ್ಡು ಒಡೆದಿದೆ ಎಂದು ನನ್ನ ಚೆಂದದ ಅಕ್ಷರದಲ್ಲಿ ಬರೆದೆ. ಕೆಳಗೆ ರುಜು ಹಾಕಿದೆ. ಊರಿನ ಟ್ರ್ಯಾಕ್ಟರುಗಳಲ್ಲಿ ಹಳ್ಳದ ಹೂಳು ತಂದು ಆಕೆಯ ಹೊಲಕ್ಕೆ ಹಾಕಬೇಕೆಂದು ಠರಾವಾಯಿತು. ಎರಡು ಟ್ರಿಪ್ಪು ಬಂತು. ಆಮೇಲೆ ಎಲ್ಲರ ಬಿತ್ತನೆ ಶುರುವಾಯಿತು.

ನಮ್ಮ ಹೊಲದಲ್ಲಿ ಆ ಸಲ ಜೋಳ ಹೇಗೆ ಬಂತು ಅಂತೀರಿ! ಒಡ್ಡು ಒಡೆಯುವ ಮೊದಲು ನಿಂತ ನೀರು ನೆಲಕ್ಕೆ ಇಳಿದಿತ್ತು, ಹಸಿ ಆರಲೇ ಇಲ್ಲ. ತೆನೆ ಒಂದೊಂದು ಹಿಡಿ ತುಂಬ. ಹೋಗಿಬರುವವರು ನಿಂತು ನೋಡಿ ಹೊಗಳಿದರೆ ನನಗೆ ಅಲ್ಲಿಂದ ಓಡಿ ಹೋಗಬೇಕು ಎನ್ನಿಸುತ್ತಿತ್ತು.

ನಮ್ಮ ಕಡೆ ಜೋಳ ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ಅದಕ್ಕೆ ಕೂಲಿಗಿಂತ ಮುಯ್ಯಾಳು ಹೆಚ್ಚು. ಈ ವರ್ಷ ನಾನು ನಿಮ್ಮ ಹೊಲಕ್ಕೆ ಎಷ್ಟು ದಿನ ಬಂದೆನೋ ಅಷ್ಟೇ ದಿನ ನೀವು ನಮ್ಮ ಹೊಲಕ್ಕೆ ಬರಬೇಕು, ಹಣದ ಮಾತಿಲ್ಲ. ಹಿಂದಿನ ವರ್ಷ ನಾನು ಅಕ್ಕನ ಹೊಲಕ್ಕೆ ಒಂದು ದಿನ ಹೋಗಿದ್ದೆ. ನಮ್ಮದು ಒಣಗಿದ್ದರಿಂದ ಆಕೆಗೆ ಆ ಮುಯ್ಯಿ ತೀರಿಸಲು ಆಗಿರಲಿಲ್ಲ. ಈ ಸಲ ನಾನು ಆಕೆಗೆ ಹೇಳಿ ಕಳಿಸಲಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳಿ ಕಳಿಸಲಿ? ಆದರೂ ಮೊದಲ ದಿನ ಹೊತ್ತು ಹುಟ್ಟುವಾಗ ಹೆಂಗಸರ ಸಾಲಿನ ಜೊತೆ ಆಕೆಯೂ ಬಂದು, ಸೀರೆ ಮೇಲಕ್ಕೆ ಕಟ್ಟಿ, ಒಂದು ಸಾಲು ಹಿಡಿದಳು.

ನನ್ನ ಪಕ್ಕದ ಸಾಲು. ಬಾಗಿ ಬುಡ ಹಿಡಿದು ಜಗ್ಗಿದರೆ ಬೇರಿನ ಜೊತೆ ಮುಷ್ಟಿಯಷ್ಟು ಮಣ್ಣು ಬರುತ್ತದೆ. ನಾವೆಲ್ಲ ಹಾಗೇ ಎಸೆದು ಮುಂದೆ ಹೋಗುತ್ತೇವೆ, ಕಣಕ್ಕೆ ಹೋದಮೇಲೆ ಉದುರುತ್ತದೆ. ಅಕ್ಕ ಹಾಗೆ ಮಾಡಲಿಲ್ಲ. ಪ್ರತಿಯೊಂದು ದಂಟನ್ನೂ ಕಿತ್ತ ಮೇಲೆ ಬೇರನ್ನು ತನ್ನ ಕಾಲಿಗೆ ಎರಡು ಸಲ ಬಡಿದು, ಮಣ್ಣು ಅಲ್ಲೇ ಸಾಲಿನಲ್ಲಿ ಉದುರಿಸಿ, ಆಮೇಲೆ ಇಡುತ್ತಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದನ್ನೂ ಬಿಡಲಿಲ್ಲ. ನಮ್ಮ ಹೊಲದ ಮಣ್ಣು ಅದು. ಬಡಿದು ಬಡಿದು ಆಕೆಯ ಮುಂಗಾಲೆಲ್ಲ ಕೆಂಪಾಗಿತ್ತು.

ತಪ್ಪಾಯಿತು ಎನ್ನಬೇಕು ಎಂದು ಇಡೀ ದಿನ ಹತ್ತು ಸಲ ಆಕೆಯ ಕಡೆ ತಿರುಗಿ, ಹತ್ತು ಸಲವೂ ಮುಂದಿನ ದಂಟಿಗೆ ಕೈ ಹಾಕಿದೆ. ಹೊತ್ತು ಮುಳುಗುವಾಗ ಆಕೆ ಕೈ ಜಾಡಿಸಿಕೊಂಡು, ಬುತ್ತಿಯ ಡಬ್ಬಿ ಎತ್ತಿಕೊಂಡು, "ಮುಯ್ಯಿ ತೀರ್ತು ನೋಡವಾ" ಎಂದಳು.

ಮುಯ್ಯಾಳು ಮುಗಿಸಿ ಹೊರಟವರಿಗೆ ನಾವು ಎಲ್ಲರೂ ಅನ್ನುವ ಮಾತೊಂದಿದೆ. ಯೋಚನೆ ಮಾಡಿ ಅನ್ನುವುದಲ್ಲ, ಬಾಯಿಗೆ ತಾನೇ ಬರುತ್ತದೆ. ಸುಡುಗಾಡು ಬಾಯಿ, ಇಡೀ ದಿನ ಮುಚ್ಚಿಕೊಂಡಿದ್ದದ್ದು ಆಗ ತೆರೆಯಿತು.

"ನಾಳಿ ನಿಮ್ಮ ಹೊಲಕ್ಕ ಬರ್ತೀನಕ್ಕಾ."

ಅಂದ ಮೇಲೆ ಗೊತ್ತಾಯಿತು ಏನಂದೆ ಎಂದು. ಉಳಿದ ಹೆಂಗಸರು ತಲೆ ತಗ್ಗಿಸಿದರು. ನನಗೆ ಭೂಮಿಯೊಳಗೆ ಇಳಿದು ಹೋಗಬೇಕು ಎನ್ನಿಸಿತು. ಅಕ್ಕ ತಿರುಗಿ ನನ್ನನ್ನು ನೋಡಿದಳು.

"ಬಾ" ಎಂದಳು. "ಕಲ್ಲು ಆರಸೂಣು."

ಮರುದಿನ ಹೋದೆ. ಇಬ್ಬರೂ ಮಧ್ಯಾಹ್ನದವರೆಗೆ ಕಲ್ಲು ಆರಿಸಿ ಬುಟ್ಟಿಗೆ ತುಂಬಿ, ತಂದು ಅಂಚಿಗೆ ಹಾಕಿದೆವು. ಒಂದು ಕಲ್ಲು ಎತ್ತಿದರೆ ಅದರ ಕೆಳಗೆ ಇನ್ನೊಂದು ಕಲ್ಲಿತ್ತು.